ಕಬ್ಬಿಣ ಬಿಟ್ಟುಕೊಟ್ಟ ಎರಡು ಎಲೆಕ್ಟ್ರಾನ್

ಇಪ್ಪತ್ತಾರು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ ಮೇಲೆ ನನಗೆ ಖಚಿತವಾಗಿರುವುದು ಒಂದೇ ಸಂಗತಿ. ನಮ್ಮಲ್ಲಿ ಎಲೆಕ್ಟ್ರಾನ್ ಇರುವುದು ಪರೀಕ್ಷೆಯ ಮೂರು ಗಂಟೆ ಮಾತ್ರ. ಉತ್ತರ ಪತ್ರಿಕೆ ಕೊಟ್ಟು ಹೊರಗೆ ಬಂದ ಮೇಲೆ ಅದು ಇರುವುದಿಲ್ಲ. ಇದ್ದರೂ ಯಾರಿಗೂ ಬೇಕಿಲ್ಲ.

ನಾನು ತಿ. ನರಸೀಪುರದ ಒಂದು ಪಿಯು ಕಾಲೇಜಿನಲ್ಲಿ ಉಪನ್ಯಾಸಕ. ಮನೆ ನಂಜನಗೂಡಿನಲ್ಲಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ, ಪರಮಾಣುಗಳನ್ನು ಒಂದಕ್ಕೊಂದು ಗಂಟುಹಾಕಿ, ಸಂಜೆ ಬಸ್ಸಿನಲ್ಲಿ ವಾಪಸು ಬರುತ್ತೇನೆ. ಗಂಟುಹಾಕುವುದರಲ್ಲಿ ನನಗೆ ಒಳ್ಳೆಯ ಹೆಸರಿದೆ. ಸೋಡಿಯಂ ತನ್ನ ಹೊರಗಿನ ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಕನ್ಯಾದಾನ ಮಾಡುತ್ತದೆ ಎನ್ನುತ್ತಿದ್ದೆ, ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ಎರಡು ಹೈಡ್ರೋಜನ್ ಸೇರಿ ಒಂದು ಜೊತೆ ಎಲೆಕ್ಟ್ರಾನನ್ನು ಹಂಚಿಕೊಳ್ಳುವುದು ವಾರಕ್ಕೆ ಗದ್ದೆ ಮಾಡಿದ ಹಾಗೆ, ಇಬ್ಬರಿಗೂ ಪಾಲು. ಲೋಹದಲ್ಲಿ ಅವು ಗೋಮಾಳದ ದನ, ಯಾರ ಕೊಟ್ಟಿಗೆಗೂ ಸೇರದೆ ತಿರುಗುತ್ತವೆ. ಮಕ್ಕಳು ಬರೆದುಕೊಂಡರು, ಮಾರ್ಕ್ಸು ಬಂತು, ಪ್ರಿನ್ಸಿಪಾಲರು ಹಾರ ಹಾಕಿದರು. ಕನ್ಯಾದಾನ ಮಾಡಿದ ಸೋಡಿಯಮ್ಮನ್ನು ಒಬ್ಬನೂ ಕಣ್ಣಾರೆ ನೋಡಲಿಲ್ಲ. ಲ್ಯಾಬಿನ ಬೀರುವಿನ ಬೀಗದಕೈ ನನ್ನ ಜೇಬಿನಲ್ಲೇ ಇರುತ್ತಿತ್ತು. ಗಾಜು ಒಡೆದರೆ ವರದಿ ಬರೆಯುವವರು ಯಾರು? ನಾನು ಬೋರ್ಡಿನ ಮೇಲೆ ಬರೆಯುವುದು, ಅವರು ರೆಕಾರ್ಡಿನಲ್ಲಿ ಬರೆಯುವುದು. ಪುಸ್ತಕದ ಬದನೆಕಾಯಿ ಎಂದರೆ ಇದೇ, ಮತ್ತು ನಾನು ಅದರ ಸಗಟು ವ್ಯಾಪಾರಿ.

ಈ ವ್ಯಾಪಾರದ ಬಂಡವಾಳ ಬಯಲಾಗಿದ್ದು ನನ್ನ ಅಕ್ಕನ ದೆಸೆಯಿಂದ.

ನಮ್ಮ ಊರು ಬಿಳಿಗೆರೆ ಕಡೆ. ಊರಿಗೆ ಮೇಲಿನ ಬೀದಿ ಒಂದು, ನಮ್ಮ ಕೇರಿ ಒಂದು. ಅಪ್ಪನ ಕಾಲದಲ್ಲಿ ನಮ್ಮ ಮನೆ ಗೋಡೆಗೆ ಬುದ್ಧನ ಫೋಟೋ ಬಂತು. ಅವ್ವನ ನಂಜುಂಡೇಶ್ವರನೂ ಪಕ್ಕದ ಮೊಳೆಯಲ್ಲೇ ಉಳಿದ, ಇಬ್ಬರೂ ಜಗಳವಾಡಲಿಲ್ಲ. ಅವ್ವ ಊರ ಶಾಲೆಗೆ ಒಂದೇ ಒಂದು ವರ್ಷ ಹೋದವಳು. ಬಾಯಾರಿದರೆ ಹೊರಗೆ ನಿಂತು ಕೈಯೊಡ್ಡಬೇಕಿತ್ತು, ಯಾರಾದರೂ ಮೇಲಿನಿಂದ ಹುಯ್ಯಬೇಕಿತ್ತು. ಅದೇ ಶಾಲೆಯಲ್ಲಿ ನನ್ನ ಅಕ್ಕ ಈಗ ಹನ್ನೊಂದು ವರ್ಷದಿಂದ ಬಿಸಿಯೂಟದ ಮುಖ್ಯ ಅಡುಗೆಯವಳು. ಅವಳು ಸೇರಿದ ಹೊಸತರಲ್ಲಿ ಮೇಲಿನ ಬೀದಿಯ ಮಕ್ಕಳು ಮನೆಯಿಂದ ಡಬ್ಬಿ ತರುತ್ತಿದ್ದರು. ಅಕ್ಕ ಏನೂ ಹೇಳಲಿಲ್ಲ, ಒಗ್ಗರಣೆ ಹಾಕಿದಳು. ಮೂರು ತಿಂಗಳಲ್ಲಿ ಡಬ್ಬಿಗಳು ಮಾಯವಾದವು. ಆ ಕೆಲಸದಿಂದ ಬರುವುದು ಅಷ್ಟಕ್ಕಷ್ಟೇ, ಅದು ಹೋದರೆ ಅವಳು ಉಪವಾಸ ಬೀಳುವವಳೂ ಅಲ್ಲ. ಆದರೆ ಅವ್ವನಿಗೆ ಮೇಲಿನಿಂದ ನೀರು ಹುಯ್ದ ಶಾಲೆಯೊಳಗೆ ನಿಂತು ಹಾಗೆ ಹುಯ್ದವರ ಮೊಮ್ಮಕ್ಕಳಿಗೆ ಬಡಿಸುತ್ತಾಳಲ್ಲ, ಅದನ್ನು ಕಳೆದುಕೊಳ್ಳಲು ಅವಳೂ ತಯಾರಿರಲಿಲ್ಲ, ನಾನೂ ತಯಾರಿರಲಿಲ್ಲ.

ಶಾಲೆಯ ಅಡುಗೆಮನೆಗೆ ನೀರು ಬರುವುದು ನಮ್ಮ ಕೇರಿಯ ಮಿನಿ ಟ್ಯಾಂಕಿನಿಂದ. ಸ್ವಲ್ಪ ಗಡಸು ನೀರು, ಅಷ್ಟು ಬಿಟ್ಟರೆ ಏನೂ ದೋಷವಿಲ್ಲ. ಪರೀಕ್ಷೆ ಮಾಡಿಸಿದ ಚೀಟಿ ಶಾಲೆಯ ಗೋಡೆಗೇ ಅಂಟಿಸಿದೆ. ಬೇಸಿಗೆಯಲ್ಲಿ ಮೇಲಿನ ಬೀದಿಯ ನಲ್ಲಿ ಕೈಕೊಟ್ಟಾಗ ಅವರ ಕೊಡಗಳೂ ಅಲ್ಲಿಗೇ ಬರುತ್ತವೆ. ಆಗ ಆ ನೀರಿಗೆ ಯಾವ ಬೀದಿಯ ಹೆಸರೂ ಇರುವುದಿಲ್ಲ.

ಒಂದು ದಿನ ಸಂಜೆ ಅಕ್ಕ ಫೋನ್ ಮಾಡಿದಳು.

"ಲೇ ತಮ್ಮ, ಇಸ್ಕೂಲ್ಗೆ ಒಬ್ಬ ಹುಡ್ಗ ಬಂದಿದ್ದ ಕಣ್ಲಾ, ಟೈ ಕಟ್ಕೊಂಡು, ನೀರಿನ ಫಿಲ್ಟರ್ ಮಾರಕ್ಕೆ. ಎರಡು ಗ್ಲಾಸ್ ಮಡಗ್ದ. ಒಂದ್ರಲ್ಲಿ ನಮ್ ಟ್ಯಾಂಕ್ ನೀರು, ಇನ್ನೊಂದ್ರಲ್ಲಿ ಇಸ್ಕೂಲ್ ಕಮಿಟಿ ಅಧ್ಯಕ್ಷರ ಮನೆ ನೀರು. ಎರಡಕ್ಕೂ ಕಂಬಿ ಇಳಿಬುಟ್ಟು ಕರೆಂಟ್ ಕೊಟ್ಟ. ಅವ್ರ ನೀರು ಕನ್ನಡಿ ಅಂಗೇ ಇತ್ತು. ನಮ್ದು ಬಗ್ಗಡ ಆಗೋಯ್ತು. ಕಂದು ಬಣ್ಣ, ಮೇಲೆ ನೊರೆ. ನೋಡಿದ್ರೆ ವಾಂತಿ ಬರ್ಬೇಕು."

ನನಗೆ ತಕ್ಷಣ ಗೊತ್ತಾಯಿತು. ಇದು ಹಳೇ ಮೋಸ. ಒಂದು ಕಂಬಿ ಕಬ್ಬಿಣದ್ದು, ಒಂದು ಅಲ್ಯೂಮಿನಿಯಮ್ಮಿನದು. ಕರೆಂಟು ಹರಿದರೆ ಕಬ್ಬಿಣದ ಪ್ರತಿ ಪರಮಾಣುವೂ ತನ್ನ ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ನೀರಿಗೆ ಇಳಿಯುತ್ತದೆ. ನೀರಿನ ಜೊತೆ, ಗಾಳಿಯ ಆಮ್ಲಜನಕದ ಜೊತೆ ಸೇರಿ ತುಕ್ಕಾಗುತ್ತದೆ. ಕಂದು ಬಣ್ಣ ಆ ತುಕ್ಕಿನದು, ನೀರಿನದಲ್ಲ. ಇನ್ನು ಅಧ್ಯಕ್ಷರ ಮನೆಯ ನೀರು ಎಂದರೆ ಪಂಚಾಯಿತಿಯ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದದ್ದು. ಅದರಲ್ಲಿ ಲವಣಗಳೇ ಇಲ್ಲ. ಲವಣವಿಲ್ಲದೆ ಕರೆಂಟು ಸಾಗುವುದಿಲ್ಲ, ಕರೆಂಟು ಸಾಗದೆ ಕಬ್ಬಿಣ ಕರಗುವುದಿಲ್ಲ. ಪಿಯು ಎರಡನೇ ವರ್ಷದ ಪಾಠ, ಐದು ಅಂಕದ ಪ್ರಶ್ನೆ.

"ಆಮೇಲೆ ಆ ಕಂಬಿ ತೊಳ್ಕೊಡಿ ಅಕ್ಕ ಅಂತ ನನ್ ಕೈಗೇ ಕೊಟ್ಟ," ಎಂದಳು ಅಕ್ಕ. "ನಾರಲ್ಲಿ ಉಜ್ಜಿದ್ರೆ ಒಂದು ಸವ್ದೋದಂಗಿತ್ತು ಕಣ್ಲಾ, ಇಲಿ ಕಚ್ದಂಗೆ."

"ಅದೆಲ್ಲ ನಿಂಗೆ ಗೊತ್ತಾಗಲ್ಲ ಬಿಡಕ್ಕ. ಆಮೇಲೇನಾಯ್ತು ಹೇಳು."

ಈ ಒಂದು ಮಾತಿಗೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ ಈಗ. ಆವತ್ತು ಅನ್ನಿಸಲಿಲ್ಲ.

ಆಮೇಲೆ ಆಗಿದ್ದು ಇಷ್ಟು. ಮಾರನೇ ದಿನದಿಂದ ಮೇಲಿನ ಬೀದಿಯ ಮಕ್ಕಳ ಕೈಯಲ್ಲಿ ಡಬ್ಬಿಗಳು ಮತ್ತೆ ಬಂದವು. ಶಾಲಾ ಸಮಿತಿಯ ಅಧ್ಯಕ್ಷರು ಮೇಲಿನ ಬೀದಿಯ ಹಿರಿಯರು. ಸೋಮವಾರ ಸಭೆ ಕರೆದು, ಆ ಹುಡುಗನನ್ನೂ ಬರಹೇಳಿ, ಫಿಲ್ಟರ್ ಕೊಳ್ಳುವ ವಿಚಾರವನ್ನೂ "ಅಡುಗೆಯವರ ವಿಚಾರವನ್ನೂ" ತೀರ್ಮಾನ ಮಾಡೋಣ ಎಂದಿದ್ದರು. ನೀರು ಕೊಳಕು ಎಂದಾದರೆ ನೀರನ್ನು ಬದಲಾಯಿಸಬೇಕು. ಅಡುಗೆಯವಳನ್ನು ಯಾಕೆ? ಈ ಪ್ರಶ್ನೆ ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಹನ್ನೊಂದು ವರ್ಷ ಒಂದು ನೆಪಕ್ಕಾಗಿ ಕಾದಿದ್ದವರಿಗೆ ಎರಡು ಕಂಬಿಗಳು ಅದನ್ನು ತಟ್ಟೆಯಲ್ಲಿಟ್ಟು ಕೊಟ್ಟಿದ್ದವು.

ಸೋಮವಾರ ರಜೆ ಹಾಕಿ ಹೊರಟೆ. ಮನೆಯಿಂದ ಹೊರಟವನು ಮೊದಲು ಹೋಗಿದ್ದು ಹೊಳೆಗೆ. ಸ್ನಾನಘಟ್ಟದಲ್ಲಿ ಒಂದು ಬಾಟಲಿ ಕಪಿಲೆಯ ನೀರು ತುಂಬಿಕೊಂಡೆ. ಜೇಬಿನಲ್ಲಿ ಒಂದು ಪೊಟ್ಟಣ ಉಪ್ಪು. ಈ ಎರಡರಲ್ಲಿ ಆ ಟೈ ಕಟ್ಟಿದವನನ್ನೂ ಸಮಿತಿಯನ್ನೂ ಒಟ್ಟಿಗೆ ಮುಗಿಸಿಬಿಡುತ್ತೇನೆ ಎಂಬ ಧಿಮಾಕು ನನ್ನದು.

ಶಾಲೆಯ ಹಾಲಿನಲ್ಲಿ ಹತ್ತು ಹದಿನೈದು ಜನ ಕೂತಿದ್ದರು. ಹೆಡ್ ಮೇಡಂ ಮೂಲೆಯ ಕುರ್ಚಿಯಲ್ಲಿ ಇದ್ದೂ ಇಲ್ಲದಂತೆ ಕೂತಿದ್ದರು. ಅವರದು ಹೂಂ ಅಂದರೂ ಊಹೂಂ ಅಂದರೂ ಒಂದೇ ಧ್ವನಿ. ಮೇಜಿನ ಹಿಂದೆ ಡಬ್ಬಿ, ವೈರು, ಕಂಬಿ ಜೋಡಿಸುತ್ತಿದ್ದ ಹುಡುಗ ತಲೆಯೆತ್ತಿದ. ನೋಡಿದ ಕೂಡಲೇ ಎದ್ದು ನಿಂತು ಕೈಮುಗಿದ.

"ನಮಸ್ಕಾರ ಸಾ! ನಾನು ನಿಮ್ ಸ್ಟೂಡೆಂಟು. ಕೆಮಿಸ್ಟ್ರೀಲಿ ತೊಂಬತ್ತೆಂಟು ತೆಗ್ದಿದ್ದೆ."

ನೆನಪಾಯಿತು. ಹಾರ ಹಾಕಿಸಿಕೊಂಡ ವರ್ಷದ ಹುಡುಗ. ತಾಂಡ್ಯದ ಯಾವುದೋ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದಲ್ಲಿದ್ದನಂತೆ, ಅದು ಮುಗಿದ ಮೇಲೆ ಫಿಲ್ಟರ್ ಮಾರಾಟಕ್ಕೆ ಇಳಿದಿದ್ದ. ನನಗೆ ಮೈಯೆಲ್ಲ ಉರಿಯಿತು. ಗೊತ್ತಿಲ್ಲದವನು ಮೋಸ ಮಾಡಿದರೆ ಕ್ಷಮಿಸಬಹುದು, ತೊಂಬತ್ತೆಂಟು ತೆಗೆದವನನ್ನು ಹೇಗೆ ಕ್ಷಮಿಸುವುದು?

"ಆನೋಡಿನಲ್ಲಿ ಏನಾಗುತ್ತೆ ಹೇಳಪ್ಪ," ಎಂದೆ, ಎಲ್ಲರ ಮುಂದೆ.

"ಆಕ್ಸಿಡೇಶನ್ ಸಾ. ಎಲೆಕ್ಟ್ರಾನ್ ಕಳ್ಕೊಳ್ಳೋದು." ಒಂದು ಕ್ಷಣವೂ ತಡೆಯಲಿಲ್ಲ.

"ಕಬ್ಬಿಣ ಆನೋಡ್ ಆದರೆ?"

"ಎರಡು ಎಲೆಕ್ಟ್ರಾನ್ ಬುಟ್ಟು ಎಫ್ಇ ಟೂ ಪ್ಲಸ್ ಆಯ್ತದೆ ಸಾ."

"ಹಾಗಾದರೆ ಇದೇನು?" ಎಂದು ಮೇಜಿನ ಮೇಲಿನ ಕಂಬಿ ತೋರಿಸಿದೆ.

"ಇದು ಡೆಮೋ ಸಾ."

ಅವನ ಮುಖದಲ್ಲಿ ಕಳ್ಳತನದ ಒಂದು ಗೆರೆಯೂ ಇರಲಿಲ್ಲ. ಆನೋಡ್ ಇರುವುದು ಪರೀಕ್ಷೆಯಲ್ಲಿ, ಇದು ಕಂಪನಿಯವರು ಕೊಟ್ಟ ಡೆಮೋ. ಎರಡಕ್ಕೂ ಸಂಬಂಧವಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ಅವನ ಎದುರೇ ನಿಂತಿದ್ದ, ಕೈಯಲ್ಲಿ ಬಾಟಲಿ ಹಿಡಿದುಕೊಂಡು.

ನಾನು ಅಲ್ಲಿಗೆ ನಿಲ್ಲಿಸಿ ಯೋಚಿಸಬೇಕಿತ್ತು. ಬದಲಿಗೆ ಸೀಮೆಸುಣ್ಣ ಎತ್ತಿಕೊಂಡೆ. ಬೋರ್ಡಿನ ಮೇಲೆ ಪರಮಾಣು ಬರೆದೆ, ಸುತ್ತ ಕವಚಗಳನ್ನು ಬರೆದೆ, ಹೊರಗಿನ ಎಲೆಕ್ಟ್ರಾನುಗಳಿಗೆ ಬಾಣ ಹಾಕಿದೆ. ಕರೆಂಟು ಇವನ್ನು ಎಳೆದುಕೊಳ್ಳುತ್ತದೆ ಎಂದೆ. ಹಿಂದಿನ ಬೆಂಚಿನಿಂದ ಒಬ್ಬರು, "ಅಷ್ಟು ಕರೆಂಟ್ ಎಳುದ್ರೆ ಬಿಲ್ಲು ಜಾಸ್ತಿ ಬರಾಕಿಲ್ವ ಸಾ?" ಎಂದು ನಿಜವಾದ ಕಾಳಜಿಯಿಂದ ಕೇಳಿದರು. ನಾನು ಇನ್ನೊಂದು ಬಾಣ ಹಾಕಿದೆ. ದಡ್ಡರ ಮುಂದೆ ನಿಂತಿದ್ದೇನೆ ಎಂಬುದು ನನ್ನ ಮುಖದಲ್ಲಿ ಸ್ಪಷ್ಟವಾಗಿ ಕಂಡಿರಬೇಕು, ಯಾಕೆಂದರೆ ಅವರೆಲ್ಲ ಕೈಕಟ್ಟಿಕೊಂಡರು.

ಸರಿ, ಕಣ್ಣಿಗೇ ತೋರಿಸುತ್ತೇನೆ ಎಂದು ಅಧ್ಯಕ್ಷರ ಮನೆಯ ಕ್ಯಾನ್ ನೀರನ್ನು ಗ್ಲಾಸಿಗೆ ಹುಯ್ದು ಕಂಬಿ ಇಳಿಬಿಟ್ಟೆ. ನೀರು ತಿಳಿಯಾಗೇ ಇತ್ತು. ಅದಕ್ಕೇ ಒಂದು ಚಿಟಿಕೆ ಉಪ್ಪು ಹಾಕಿದೆ. ನಿಮಿಷದೊಳಗೆ ಕಂದು ಬಣ್ಣ, ನೊರೆ, ಬಗ್ಗಡ.

"ನೋಡಿದಿರಾ? ಇದು ನಿಮ್ಮದೇ ನೀರು. ನಾನು ಹಾಕಿದ್ದು ಬರೀ ಉಪ್ಪು."

ಅಧ್ಯಕ್ಷರು ಬಗ್ಗಿ ನೋಡಿದರು. ತಲೆಯಾಡಿಸಿದರು. "ಉಪ್ಪು ಆಕುದ್ರೆ ಕೊಳೆ ಬುಡ್ತದೆ ಮೇಷ್ಟ್ರೇ. ಅದ್ಕೇ ಅಲ್ವ ಉಪ್ಪ್ನೀರಲ್ಲಿ ಸೊಪ್ಪು ತೊಳೆಯದು? ನಮ್ ನೀರಲ್ಲೂ ಚೂರು ಇತ್ತು ಅಂತಾಯ್ತು. ಆ ಟ್ಯಾಂಕ್ ನೀರ್ಗೆ ಉಪ್ಪೇ ಬೇಕಾಗ್ನಿಲ್ಲ, ಅಷ್ಟು ಕೊಳಕು."

ಎಲ್ಲರೂ ಹೌದೆಂದರು. ವಾದ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಉತ್ತರ ಪತ್ರಿಕೆಯಲ್ಲಿ ಬಂದಿದ್ದರೆ ನಾನೇ ಅರ್ಧ ಅಂಕ ಕೊಡುತ್ತಿದ್ದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಕೆಲಸ. ಸಿಟ್ಟು ನೆತ್ತಿಗೇರಿತು, ಬಾಟಲಿಯ ಮುಚ್ಚಳ ತೆಗೆದೆ.

"ಇದು ಕಪಿಲೆಯ ನೀರು. ಬೆಳಿಗ್ಗೆ ನಂಜನಗೂಡಿನ ಸ್ನಾನಘಟ್ಟದಲ್ಲಿ ತುಂಬಿಕೊಂಡು ಬಂದಿದ್ದೇನೆ."

ಹುಯ್ದೆ, ಕಂಬಿ ಇಟ್ಟೆ, ಸ್ವಿಚ್ ಹಾಕಿದೆ. ಈ ಸಲ ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಹಸಿರು ಮಿಶ್ರಿತ ಮಬ್ಬು, ಆಮೇಲೆ ಕಂದು.

"ಈಗ ಹೇಳಿ," ಎಂದೆ ಗೆದ್ದವನ ಗತ್ತಿನಲ್ಲಿ, "ಕಪಿಲೆಯೂ ಕೊಳಕೇ?"

ತರ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಅವತ್ತು ಸೋಮವಾರ, ನಂಜುಂಡಪ್ಪನ ವಾರ. ಅರ್ಧ ಜನ ಹಣೆಗೆ ವಿಭೂತಿ ಇಟ್ಟುಕೊಂಡು ಬಂದಿದ್ದರು. ಅವರಿಗೆ ಕೇಳಿಸಿದ್ದು ತರ್ಕವಲ್ಲ, ಅವರ ಹೊಳೆಯನ್ನು ಬಗ್ಗಡ ಮಾಡಿ ಮುಖಕ್ಕೆ ಹಿಡಿದದ್ದು ಮಾತ್ರ. ಅದನ್ನು ಹಿಡಿದ ಕೈ ಯಾವ ಕೇರಿಯದು ಎಂಬುದೂ ಯಾರಿಗೂ ಮರೆತಿರಲಿಲ್ಲ.

ಗದ್ದಲವೆದ್ದಿತು. ಅಧ್ಯಕ್ಷರು ಎದ್ದು ನಿಂತರು. "ಅಕ್ಕನ್ ಕೆಲ್ಸ ಉಳಿಸ್ಕಳಾಕೆ ದೇವ್ರ ಹೊಳೇನೇ ಕೊಳಕು ಅಂದ್ಬುಟ್ರಲ್ಲ ಮೇಷ್ಟ್ರೇ! ಇಷ್ಟು ಓದಿ ಇದೇನಾ ಕಲ್ತಿದ್ದು? ಇನ್ನೇನು ಮಾತು ಬ್ಯಾಡ. ಮೇಡಂ, ಬೇರೆ ಅಡುಗೆಯವ್ರನ್ನ ನೋಡ್ಕಳದು ಅಂತ ಬರ್ಕಳಿ."

ಮೇಡಂ ಪೆನ್ನಿನ ಮುಚ್ಚಳ ತೆಗೆದರು. ನಾನು ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ, ಇಂಗು ತಿಂದ ಮಂಗನ ಹಾಗೆ. ಅಕ್ಕನ ಹನ್ನೊಂದು ವರ್ಷವನ್ನು ಹತ್ತೇ ನಿಮಿಷದಲ್ಲಿ ನಾನೇ ತೊಳೆದುಹಾಕಿದ್ದೆ. ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಸಿಟ್ಟಿರಲಿಲ್ಲ, ಹೆದರಿಕೆಯಾಗಿತ್ತು.

ಅಡುಗೆಮನೆಯ ಬಾಗಿಲಿಂದ ಅಕ್ಕ ಬಂದಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ. ನನ್ನ ಕಡೆ ನೋಡಲಿಲ್ಲ. ಸೀದಾ ಮೇಜಿನ ಹತ್ತಿರ ಹೋಗಿ, ಗ್ಲಾಸಿನಿಂದ ಕಬ್ಬಿಣದ ಕಂಬಿ ತೆಗೆದು, ಸೆರಗಿನ ತುದಿಯಲ್ಲಿ ಒರೆಸಿದಳು. ಬೆರಳಲ್ಲಿ ಸವರಿ ನೋಡಿದಳು.

"ಏನಪ್ಪ, ಈ ಕಂಬಿ ಯಾವಾಗ ಈಸ್ಕೊಂಡಿದ್ದು?"

"ಓದ್ವಾರ ಅಕ್ಕ," ಎಂದ ಹುಡುಗ.

"ಅದ್ಕ್ ಮುಂಚಿಂದು ಏನಾಯ್ತು? ನಾನ್ ತೊಳ್ಕೊಟ್ನಲ್ಲ, ಅದು."

"ಅದು ಸವ್ದೋಯ್ತು. ಹದಿನೈದು ದಿವ್ಸಕ್ಕೆ ಒಂದು ಹೊಸದು ಬೇಕಾಯ್ತದೆ. ಕಂಪ್ನಿಯವ್ರೇ ಕೊಡ್ತಾರೆ."

"ಅಲ್ಯೂಮಿನಿದೂ ಸವೀತದಾ?"

"ಇಲ್ಲಕ್ಕ, ಅದು ಅಷ್ಟಾಗಿ ಇಲ್ಲ. ಕಬ್ಬಿಣದ್ದೇ ಸವೆಯೋದು."

"ಸವ್ದಿದ್ದು ಎಲ್ಲೋಯ್ತಪ್ಪ?"

ಹುಡುಗ ಅಕ್ಕನ ಕೈಯಲ್ಲಿದ್ದ ಕಂಬಿ ನೋಡಿದ, ಗ್ಲಾಸು ನೋಡಿದ, ಮತ್ತೆ ಕಂಬಿ ನೋಡಿದ. ಅವನ ಕಣ್ಣು ಅಗಲವಾಗುತ್ತಿದ್ದುದು ನನಗೆ ಕಂಡಿತು. ನಿಧಾನವಾಗಿ ನನ್ನ ಕಡೆ ತಿರುಗಿದ.

"ಸಾ... ಇದೇ ಆನೋಡು."

"ನಂಗೆ ಆ ಓಡು ಈ ಓಡು ಗೊತ್ತಿಲ್ಲ ಕಣಪ್ಪ," ಎಂದಳು ಅಕ್ಕ. "ಸವ್ದ ಕಬ್ಬಿಣ ಎಲ್ಲೋಯ್ತು ಅಂತ ಇವ್ರಿಗೆಲ್ಲ ಯೋಳು."

"ನೀರೊಳಕ್ಕೆ," ಎಂದ ಅವನು. ಧ್ವನಿ ಸಣ್ಣಗಿತ್ತು, ಆದರೆ ಹಿಂದಿನ ಬೆಂಚಿಗೂ ಕೇಳಿಸಿತು. "ಆ ಬಣ್ಣ ಕಂಬೀದು. ನೀರಿಂದಲ್ಲ."

ನಾನು ಎರಡು ಗ್ಲಾಸು, ಒಂದು ಬೋರ್ಡು, ಒಂದು ಹೊಳೆ ಖರ್ಚು ಮಾಡಿ ಹೇಳಲಾಗದ್ದನ್ನು ಅವಳು ಒಂದು ಪ್ರಶ್ನೆಯಲ್ಲಿ ಹೇಳಿಸಿದ್ದಳು. ಅದೂ ಮಾರುವವನ ಬಾಯಲ್ಲೇ. ಕಂಬಿ ಸವೆದಿದೆ ಎಂದು ಅವಳು ಮೊದಲ ದಿನವೇ ನನಗೆ ಫೋನಿನಲ್ಲಿ ಹೇಳಿದ್ದಳು, ನಿನಗೆ ಗೊತ್ತಾಗಲ್ಲ ಬಿಡು ಎಂದವನು ನಾನು.

ಹಿಂದಿನ ಬೆಂಚಿನವರು ಎದ್ದು ಬಂದು ಕಂಬಿಯನ್ನು ಕೈಯಲ್ಲಿ ಹಿಡಿದು ನೋಡಿದರು. ಕೈಯಿಂದ ಕೈಗೆ ಹೋಯಿತು. ನೇಗಿಲ ಗುಳ ಸವೆಯುವುದನ್ನು ಕಂಡ ಕೈಗಳು, ಕಬ್ಬಿಣ ಎಲ್ಲಿಗೆ ಹೋಗುತ್ತದೆ ಎಂದು ಅವರಿಗೆ ಬೋರ್ಡಿನ ಮೇಲೆ ಬರೆದು ತೋರಿಸಬೇಕಾಗಿರಲಿಲ್ಲ. ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

ಅಧ್ಯಕ್ಷರು ಕೂತರು. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. "ಅದೇನೋ ಸರಿ," ಎಂದರು. "ಆದ್ರೂ..."

"ಆದ್ರೂ ಏನಣ್ಣ?" ಎಂದಳು ಅಕ್ಕ.

ಅವರು ಟವೆಲ್ಲನ್ನು ಮಡಿಸತೊಡಗಿದರು.

"ನೀರು ಸರಿಯಾಗೈತೆ ಅಂತ ಆಯ್ತು. ಆದ್ರೂ ಅಂದ್ರಲ್ಲ. ಆದ್ರೂ ಏನು ಅಂತ ಬಾಯ್ಬುಟ್ಟು ಯೋಳ್ಬುಡಿ. ಎಲ್ರೂ ಅವ್ರೆ, ಕೇಳ್ಕಳ್ಳಿ."

ಆ ಮಾತನ್ನು ಮುಗಿಸಲು ಅವರಿಗೆ ಆಗಲಿಲ್ಲ. ನೀರಿನ ನೆಪ ಇರುವವರೆಗೆ ಎಲ್ಲರೂ ಮರ್ಯಾದಸ್ಥರೇ. ನೆಪ ಕಳಚಿದ ಮೇಲೆ ಉಳಿಯುವುದನ್ನು ಎಲ್ಲರ ಮುಂದೆ, ಹೆಸರು ಹಿಡಿದು ಹೇಳುವ ಗಂಡಸು ಆ ಹಾಲಿನಲ್ಲಿ ಇರಲಿಲ್ಲ. ಹೇಡಿಗಳು. ಮನಸ್ಸಿನಲ್ಲಿ ಇದ್ದದ್ದು ಒಂದು ಗುಲಗಂಜಿ ತೂಕವೂ ಕಡಿಮೆಯಾಗಿರಲಿಲ್ಲ, ನಾಲಿಗೆಗೆ ಬರಲು ದಾರಿ ಇರಲಿಲ್ಲ ಅಷ್ಟೆ.

ಊಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ವರಾಂಡಕ್ಕೆ ಓಡಿ ಬಂದರು.

"ಊಟದೊತ್ತು," ಎಂದಳು ಅಕ್ಕ. "ಎಲ್ರೂ ಕುಂತ್ಕಳಿ, ಉಂಡ್ಕೊಂಡೋಗಿ. ಸಾರು ಬಿಸಿಯಾಗೈತೆ."

ನಾಲ್ಕೈದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ಅಧ್ಯಕ್ಷರು ಚಪ್ಪಲಿ ಹುಡುಕತೊಡಗಿದರು. "ಇವತ್ತು ಸೋಮವಾರ ಕಣವ್ವ," ಎಂದರು, ದೇವರೇ ಬಂದು ಕೈಹಿಡಿದ ಹಾಗೆ. "ನಂದು ಒಪ್ಪೊತ್ತು. ಮಧ್ಯಾಹ್ನ ಏನೂ ಮುಟ್ಟಾಕಿಲ್ಲ."

"ಅದಕ್ಕೇನಂತೆ ಕಣಣ್ಣ," ಎಂದಳು ಅವಳು. "ನಾಳೆ ಮಂಗಳ್ವಾರ. ತಟ್ಟೆ ತೊಳ್ದು ಮಡಗಿರ್ತೀನಿ."

ನನ್ನನ್ನು ನಂಜನಗೂಡಿನವರೆಗೆ ಬೈಕಿನಲ್ಲಿ ಬಿಟ್ಟವನು ಆ ಹುಡುಗನೇ. ಬಸ್ ಸ್ಟ್ಯಾಂಡಿನ ಹತ್ತಿರ ಇಳಿದಾಗ ಹೆಲ್ಮೆಟ್ ತೆಗೆದು ಹೇಳಿದ: "ಒಂದ್ ಸಲ ಲ್ಯಾಬಲ್ಲಿ ತೋರ್ಸಿದ್ರೆ ಗೊತ್ತಾಗಿರೋದು ಸಾ. ಬೀಗ ಯಾವಾಗ್ಲೂ ಹಾಕಿರೋದು." ಬೈಗುಳವಾಗಿದ್ದರೆ ತಿರುಗಿಸಿ ಬೈಯಬಹುದಿತ್ತು. ಅವನು ಮರ್ಯಾದೆಯಿಂದಲೇ ಹೇಳಿದ್ದ. ಹೋಗುವ ಮುಂಚೆ ಡೆಮೋ ಡಬ್ಬಿಯನ್ನು ನನ್ನ ಕೈಗೆ ಕೊಟ್ಟ, ಇನ್ನು ತನಗೆ ಬೇಡ ಎಂದು.

ಮಂಗಳವಾರ ಮಧ್ಯಾಹ್ನ ಆ ಡಬ್ಬಿಯನ್ನು ಲ್ಯಾಬಿನ ಮೇಜಿನ ಮೇಲಿಟ್ಟು, ಬೀರುವಿನ ಬೀಗ ತೆಗೆದು, ನೀವೇ ಮಾಡಿ ನೋಡಿ ಎಂದು ಮಕ್ಕಳಿಗೆ ಬಿಟ್ಟೆ. ಇದನ್ನು ಪಶ್ಚಾತ್ತಾಪ ಎಂದು ಯಾರೂ ಹೊಗಳಬೇಕಾಗಿಲ್ಲ. ಎರಡು ಬೀಕರ್ ಒಡೆದರು, ಚೆನ್ನಾಗಿ ಬೈದೆ. ಒಂದು ಗಂಟೆಯ ಮೇಲೆ ಐದು ನಿಮಿಷವಾಗಿತ್ತು. ಯಾರೋ "ಸಾ, ಬಣ್ಣ ಬಂತು!" ಎಂದು ಕೂಗುತ್ತಿರುವಾಗಲೇ ಫೋನ್ ಬಂತು. ಅಕ್ಕ.

"ಬಂದವ್ರೆ ಕಣ್ಲಾ," ಎಂದಳು, ಪಿಸುದನಿಯಲ್ಲಿ. "ಅಧ್ಯಕ್ಷರು. ಮಕ್ಳ ಸಾಲಲ್ಲೇ ಕುಂತವ್ರೆ. ಅನ್ನ ಇಕ್ಕಿವ್ನಿ. ಇನ್ನೂ ಕೈ ಮಡಗಿಲ್ಲ, ತಟ್ಟೆನೇ ನೋಡ್ತಾವ್ರೆ. ಮಕ್ಕಳೆಲ್ಲ ಅವ್ರನ್ನೇ ನೋಡ್ತಾವೆ."

"ಆಮೇಲೆ?" ಎಂದೆ.

"ಆಮೇಲೇನ್ ಆಮೇಲೆ. ಸಾರು ಆರೋಯ್ತದೆ, ಫೋನ್ ಮಡಗು. ಬಡಿಸ್ಬೇಕು."